ಮಾತೃಭೋಜನಕ್ಕೆ ಸಾಲಿಸಿಟರರ ಸಲಹೆ

ಸಂಸಾರ, ವ್ಯಾಪಾರ ಎರಡರಲ್ಲೂ ಮನುಷ್ಯನಿಗೆ ದಾರಿ ತೋರಿಸಬಲ್ಲವರು ಸಾಲಿಸಿಟರರು ಮಾತ್ರ ಎಂದು ನನ್ನ ದೊಡ್ಡಪ್ಪ ಗಟ್ಟಿಯಾಗಿ ನಂಬಿದ್ದರು. ಆ ನಂಬಿಕೆಗೆ ಬಲಿಯಾಗಬೇಕಿದ್ದವನು ನಾನಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ. ವಕೀಲರನ್ನು ಕಂಡರೆ ಜನ ಹೆದರುತ್ತಾರೆ, ಡಾಕ್ಟರರನ್ನು ಕಂಡರೆ ನಾಲಿಗೆ ಚಾಚುತ್ತಾರೆ. ಸಾಲಿಸಿಟರರನ್ನು ಕಂಡರೆ ಮಾತ್ರ, ಇವರು ನಮ್ಮ ಮನೆಯವರೇ ಅನ್ನುವಂತೆ ಒಳಗಿನದನ್ನೆಲ್ಲ ಹೇಳಿಬಿಡುತ್ತಾರೆ. ಹೇಳಿದ್ದಕ್ಕೂ ಬಿಲ್ ಬರುತ್ತದೆ ಎಂದು ಗೊತ್ತಾಗುವುದು ಆಮೇಲೆ.

ಮದರಾಸಿನ ಎಗ್ಮೋರ್ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಹೋಟೆಲು. ಕೆಳಗೆ ಹೋಟೆಲು, ಮಹಡಿಯ ಮೇಲೆ ಮನೆ. ಕುಂದಾಪುರದ ಕಡೆಯಿಂದ ಬಂದ ಅಣ್ಣ ತಮ್ಮ ಸೇರಿ ಕಟ್ಟಿದ್ದು. ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಗಲ್ಲಾದ ಮೇಲೆ ಕೂರುತ್ತಿದ್ದರು. ತಮ್ಮ, ಅಂದರೆ ನನ್ನ ಅಪ್ಪ, ಅಡುಗೆಮನೆಯ ಹೊಗೆಯಲ್ಲಿ ಇರುತ್ತಿದ್ದರು. ಕಟ್ಟಡದ ಬಾಡಿಗೆ ಕರಾರು, ಲೈಸೆನ್ಸು, ಬೋರ್ಡು ಎಲ್ಲವೂ ದೊಡ್ಡಪ್ಪನ ಹೆಸರಿನಲ್ಲಿ. ಅರ್ಧ ಅರ್ಧ ಎಂಬುದು ಬಾಯಿಮಾತಿನಲ್ಲಿ. ಬಾಯಿಮಾತು ಅಲ್ಲಿಯವರೆಗೆ ಚೆನ್ನಾಗಿಯೇ ನಡೆದಿತ್ತು. ಸಾಲಿಸಿಟರರ ಮೆಟ್ಟಿಲು ಹತ್ತಿದ ಮೇಲೆ ಅದು ಎಷ್ಟು ಅಪಾಯಕಾರಿ ಎಂದು ಇಬ್ಬರಿಗೂ ತಿಳಿಯಿತು.

ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನಮ್ಮ ಅಪ್ಪನಿಗೆ ಮೂರು ಹೆಣ್ಣು, ಕೊನೆಗೆ ನಾನೊಬ್ಬ. ಮನೆಯಲ್ಲಿ ಒಂದೇ ಒಲೆ. ನನಗೆ ಎಣ್ಣೆ ಹಚ್ಚಿ ಮೀಯಿಸುತ್ತಿದ್ದವಳು ದೊಡ್ಡಮ್ಮ, ಬೈದು ಊಟ ಮಾಡಿಸುತ್ತಿದ್ದವಳು ಅಮ್ಮ. ಜ್ವರ ಬಂದರೆ ಇಬ್ಬರೂ ಎರಡು ಕಡೆ ಕೂತು, ಕಷಾಯಕ್ಕೆ ಶುಂಠಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನನ್ನ ತಲೆಯ ಮೇಲೆ ಜಗಳವಾಡುತ್ತಿದ್ದರು. ನಾನು ಯಾರ ಮಗ ಎಂಬ ಪ್ರಶ್ನೆ ಆ ಮಹಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಲು ಇಂಗ್ಲಿಷ್ ಓದಿದವರು ಬೇಕಾಯಿತು.

ಆಗ ಗಿಂಡಿಯಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿದ್ದವು. ಅಲ್ಲಿನ ಒಂದು ಕಾರ್ಖಾನೆಯವರು ತಮ್ಮ ಕ್ಯಾಂಟೀನು ನಡೆಸುತ್ತೀರಾ ಎಂದು ದೊಡ್ಡಪ್ಪನನ್ನು ಕೇಳಿದರು. ಅದಕ್ಕೆ ಬ್ಯಾಂಕಿನ ನೆರವು ಬೇಕು. ಬ್ಯಾಂಕಿನವರು, ಪಾಲುದಾರಿಕೆಯ ಪತ್ರ ಎಲ್ಲಿ ಎಂದರು. ನಮ್ಮಲ್ಲಿ ಪತ್ರ ಎಂದರೆ ಊರಿನಿಂದ ಬರುವ ಕಾರ್ಡು, ಅಷ್ಟೆ. ದಿನಾ ನಮ್ಮಲ್ಲೇ ತಿಂಡಿ ತಿನ್ನುತ್ತಿದ್ದ, ಧಾರವಾಡದ ಕಡೆಯ ಒಬ್ಬ ವಿಮಾ ಆಫೀಸರು ಇದ್ದರು. ಕಾಫಿ ಆರಿಸಿಕೊಳ್ಳುತ್ತ ಅವರು ಹೇಳಿದರು: “ಏನ್ ವಿಚಾರ ಮಾಡ್ತೀರಿ? ಒಬ್ಬ ಛಲೋ ಸಾಲಿಸಿಟರ್ ಹಂತೇಕ ಹೋಗ್ರಿ. ಮನೀದೂ ನೋಡ್ತಾರ, ಧಂದೇದೂ ನೋಡ್ತಾರ.” ಪರೋಪಕಾರಿ ಮನುಷ್ಯ. ಆಮೇಲೆ ಅವರಿಗೆ ವರ್ಗವಾಯಿತು, ಪರಿಣಾಮ ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಸಾಲಿಸಿಟರರ ಆಫೀಸು ಹೈಕೋರ್ಟಿನ ಎದುರಿನ ಗಲ್ಲಿಯೊಂದರಲ್ಲಿ, ಕಿರ್ರೆನ್ನುವ ಮರದ ಮೆಟ್ಟಿಲಿನ ಮೇಲೆ. ಒಳಗೆ ಟೈಪ್‌ರೈಟರುಗಳ ಗಲಾಟೆ, ಕೆಂಪು ಲಾಡಿ ಕಟ್ಟಿದ ಕಾಗದದ ಕಟ್ಟುಗಳು. ಆ ಕಟ್ಟುಗಳೆಲ್ಲ ಒಂದು ಕಾಲದಲ್ಲಿ ಸುಖವಾಗಿದ್ದ ಕುಟುಂಬಗಳು ಎಂದು ನನಗೆ ಆಗ ತಿಳಿದಿರಲಿಲ್ಲ. ಸಾಲಿಸಿಟರರು ಮೈಲಾಪುರದ ತಮಿಳು ಬ್ರಾಹ್ಮಣರು; ಹಣೆಯಲ್ಲಿ ವಿಭೂತಿ, ಮೈಮೇಲೆ ಕರಿಕೋಟು, ಅಷ್ಟು ಸೆಕೆಯಲ್ಲಿಯೂ ಕತ್ತಿಗೆ ಟೈ. ಮಾತು ಅರ್ಧ ತಮಿಳು, ಅರ್ಧ ಇಂಗ್ಲಿಷ್. ಏನು ಕೇಳಿದರೂ “ಪಾರುಂಗೋ”, ಅಂದರೆ ನೋಡಿ, ಎಂದು ಶುರುಮಾಡಿ, ಒಂದು ಕಡೆಯಿಂದ ನೋಡಿದರೆ ಹೌದು, ಇನ್ನೊಂದು ಕಡೆಯಿಂದ ನೋಡಿದರೆ ಅಲ್ಲ ಎಂದು ಮುಗಿಸುತ್ತಿದ್ದರು. ಎರಡೂ ಕಡೆಯಿಂದ ನೋಡಿದ್ದಕ್ಕೆ ಎರಡು ಫೀಸು.

ದೊಡ್ಡಪ್ಪ ಮೊದಲ ದಿನವೇ ಒಂದು ತಪ್ಪು ಮಾಡಿದರು. ಅದು ಹೋಟೆಲಿನವರು ಮಾತ್ರ ಮಾಡಬಲ್ಲ ತಪ್ಪು. ಬಾಳೆ ಎಲೆಯಲ್ಲಿ ಕಟ್ಟಿದ ಬಾದಾಮ್ ಹಲ್ವ, ಫ್ಲಾಸ್ಕಿನಲ್ಲಿ ಡಿಗ್ರಿ ಕಾಫಿ ತೆಗೆದುಕೊಂಡು ಹೋದರು. ನಮ್ಮ ಕೈಯ ತುಪ್ಪ ತಿಂದವನು ನಮ್ಮವನಾಗುತ್ತಾನೆ ಎಂಬುದು ಅವರ ಲೆಕ್ಕಾಚಾರ. ಸಾಲಿಸಿಟರರು ಹಲ್ವವನ್ನು ಸಂತೋಷದಿಂದ ತಿಂದರು. ತಿನ್ನುತ್ತ ಆಡಿದ ಮಾತನ್ನು ಸಮಾಲೋಚನೆ ಎಂದು ಬಿಲ್ಲಿನಲ್ಲಿ ಬರೆದರು. ಎರಡನೆಯ ಸಲ ಚಟ್ನಿ ಕೇಳಿದವರಿಗೆ ಚಾರ್ಜು ಹಾಕಬಾರದು ಎಂಬುದು ನಮ್ಮ ಹೋಟೆಲಿನ ಧರ್ಮ. ಎರಡನೆಯ ಸಲ ಪ್ರಶ್ನೆ ಕೇಳಿದವರಿಗೆ ಚಾರ್ಜು ಹಾಕದೆ ಬಿಡಬಾರದು ಎಂಬುದು ಅವರ ಧರ್ಮ. ದೊಡ್ಡಪ್ಪನಿಗೆ ಇದರಿಂದ ಅವರ ಮೇಲೆ ಗೌರವ ಹೆಚ್ಚೇ ಆಯಿತು. ಇಷ್ಟು ಕಟ್ಟುನಿಟ್ಟಾದ ಮನುಷ್ಯ ನಮ್ಮ ಕೆಲಸವನ್ನೂ ಕಟ್ಟುನಿಟ್ಟಾಗಿ ಮಾಡುತ್ತಾನೆ ಎಂದು ಮನೆಗೆ ಬಂದು ಹೊಗಳಿದರು.

ಕೇಳಲು ಹೋದದ್ದು ಪಾಲುದಾರಿಕೆಯ ಪತ್ರ. ಸಾಲಿಸಿಟರರು ಕೇಳಿದ ಪ್ರಶ್ನೆ ಬೇರೆ: “ನಿಮ್ಮ ಕಾಲದ ನಂತರ ಯಾರು?” ಹೋಟೆಲಿನವನು ನಾಳೆಯ ಹಿಟ್ಟಿಗೆ ಇವತ್ತು ಅಕ್ಕಿ ನೆನೆಹಾಕುತ್ತಾನೆ, ಅದಕ್ಕಿಂತ ಮುಂದಿನದನ್ನು ಯೋಚಿಸುವ ಅಭ್ಯಾಸ ಅವನಿಗಿಲ್ಲ. ದೊಡ್ಡಪ್ಪ ತಬ್ಬಿಬ್ಬಾದರು. ದೊಡ್ಡಪ್ಪನ ಪಾಲು ಹೆಂಡತಿಗೆ ಹೋಗುತ್ತದೆ, ಅವಳು ಬರೆದಿಟ್ಟರೆ ಅವಳ ನಂತರ ಅವಳ ತವರಿನವರು ಬಂದು ಗಲ್ಲಾದ ಮೇಲೆ ಕೂರಬಹುದು ಎಂದು ಸಾಲಿಸಿಟರರು ವಿವರಿಸಿದರು. ದೊಡ್ಡಮ್ಮನ ಅಣ್ಣನ ಮಗನೊಬ್ಬ ಆಗಲೇ ಪಲ್ಲಾವರಂನಲ್ಲಿ ಸೋಡಾ ಅಂಗಡಿ ಇಟ್ಟುಕೊಂಡಿದ್ದ. ಪಾಪ, ಆ ಸಾಧುಪ್ರಾಣಿಗೆ ನಮ್ಮ ಗಲ್ಲಾದ ಮೇಲೆ ಕೂರುವ ಕನಸೂ ಬಿದ್ದಿರಲಿಲ್ಲ. ಅಂದಿನಿಂದ ಅವನು ನಮ್ಮ ಮನೆಗೆ ಬಂದರೆ ದೊಡ್ಡಪ್ಪನಿಗೆ ಅವನ ನಗುವಿನಲ್ಲಿಯೂ ಏನೋ ಸಂಚು ಕಾಣಿಸತೊಡಗಿತು.

ಇದಕ್ಕೆ ಸಾಲಿಸಿಟರರ ಪರಿಹಾರ ಬಹಳ ಚೊಕ್ಕವಾಗಿತ್ತು. ತಮ್ಮನ ಮಗನನ್ನು ದೊಡ್ಡಪ್ಪ ದತ್ತು ತೆಗೆದುಕೊಳ್ಳಬೇಕು. ಹೋಟೆಲು ಒಡೆಯುವುದಿಲ್ಲ, ಗಲ್ಲಾ ಕೈಬಿಡುವುದಿಲ್ಲ, ಗಿಂಡಿಯ ಕ್ಯಾಂಟೀನೂ ಬರುತ್ತದೆ. ಸಂಸಾರ ಮತ್ತು ವ್ಯಾಪಾರ, ಎರಡೂ ಒಂದೇ ಸಲ ಬಗೆಹರಿಯಿತು. ಅಡ್ಡ ಇದ್ದದ್ದು ನಾನೊಬ್ಬನೇ. ನನ್ನನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿದರೆ ಆಯಿತು.

ದೊಡ್ಡಪ್ಪ ಆ ಸಂಜೆ ಅಪ್ಪನನ್ನು ಕರೆದು ಹೇಳಿದರು: “ಮಾಣಿನ ನಂಗೆ ಕೊಡ್. ಅಲ್ಲಿಗೆ ಎಲ್ಲಾ ಸಮ ಆತ್ತ್. ಎಂತ, ದೂರ ಕಳ್ಸುದಾ? ಈ ಕೋಣಿಯಿಂದ ಆ ಕೋಣಿಗೆ.” ಮಾಣಿ ಎಂದರೆ ಹುಡುಗ, ಅಂದರೆ ನಾನು. ಅಪ್ಪ ದೋಸೆಕಲ್ಲಿನ ಮುಂದೆ ಹುಲಿ, ಅಣ್ಣನ ಮುಂದೆ ಇಲಿ. “ಅಣ್ಣಯ್ಯ ಹೇಳಿರೆ ಆಯ್ತ್” ಎಂದರು. ಒಲ್ಲೆ ಎಂದರೆ ಏನಾಗುತ್ತದೆ ಎಂಬುದನ್ನೂ ದೊಡ್ಡಪ್ಪ ಮೆತ್ತಗೆ ತಿಳಿಸಿದ್ದರು. ಕಾಗದದ ಮೇಲೆ ಹೋಟೆಲು ಅವರದೇ. ಅಪ್ಪ ಸಂಬಳದ ಅಡುಗೆಯವನಾಗಿ ಉಳಿಯಬೇಕಾಗುತ್ತಿತ್ತು. ಬಾಯಿಮಾತಿನ ಅರ್ಧ ಎಲ್ಲಿಯೂ ಬರೆದಿರಲಿಲ್ಲವಲ್ಲ.

ಒಮ್ಮೆ ನನ್ನನ್ನೂ ಎಗ್ಮೋರಿನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬೀಚ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಸಾಲಿಸಿಟರರಿಗೆ ತೋರಿಸಿದರು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹಲ್ವದ ಬೆರಳು ಒರೆಸಿಕೊಂಡು, ಉಪನಯನ ಆಗಿದೆಯೇ ಎಂದು ಕೇಳಿದರು. ಇಲ್ಲ, ಬರುವ ವೈಶಾಖದಲ್ಲಿ ಮುಹೂರ್ತ ಇಟ್ಟಿದೆ ಎಂದರು ದೊಡ್ಡಪ್ಪ. ಸಾಲಿಸಿಟರರ ಮುಖ ಅರಳಿತು. ದತ್ತು ಮೊದಲು, ಉಪನಯನ ಆಮೇಲೆ ಎಂದರು. ಆಮಂತ್ರಣದಲ್ಲಿ ದೊಡ್ಡಪ್ಪ ದೊಡ್ಡಮ್ಮನ ಹೆಸರು ತಂದೆ ತಾಯಿ ಎಂದು ಅಚ್ಚಾಗಬೇಕು. ಮಾತೃಭೋಜನಕ್ಕೆ ದೊಡ್ಡಮ್ಮ ಕೂರಬೇಕು. ಒಬ್ಬ ಒಳ್ಳೆಯ ಫೋಟೋಗ್ರಾಫರನನ್ನು ಕರೆಸಿ ಅದೊಂದನ್ನು ತಪ್ಪದೆ ಫೋಟೋ ಹಿಡಿಸಬೇಕು. ನಾಳೆ ಯಾರಾದರೂ, ಅಂದರೆ ಆ ಸೋಡಾ ಅಂಗಡಿಯವನು, ದತ್ತು ಸುಳ್ಳು ಎಂದು ಕೋರ್ಟಿಗೆ ಹೋದರೆ ಆ ಫೋಟೋವೇ ಸಾಕ್ಷಿ. ನಮ್ಮ ಹಿರಿಯರು ಇಷ್ಟು ಕಾಲ ಉಪನಯನವನ್ನು ಗಾಯತ್ರಿಗಾಗಿ ಮಾಡುತ್ತಿದ್ದರು. ಅದು ಸಾಕ್ಷ್ಯ ತಯಾರಿಸುವ ಕ್ರಮ ಎಂದು ಅವರಿಗೆ ಹೇಳುವವರು ಯಾರೂ ಸಿಕ್ಕಿರಲಿಲ್ಲ.

ಪುರೋಹಿತರು ಒಂದು ಆಕ್ಷೇಪ ಎತ್ತಿದರು. ಇರುವ ಒಬ್ಬನೇ ಮಗನನ್ನು ಕೊಡಬಾರದು, ಕೊಟ್ಟರೂ ಅವನು ಇಬ್ಬರಿಗೂ ಮಗನಾಗಿ ಇರುವ ಒಂದು ಬಗೆ ಹಳೆಯ ಶಾಸ್ತ್ರದಲ್ಲಿದೆ, ಹಾಗೆ ಮಾಡಿ ಎಂದರು. ಸಾಲಿಸಿಟರರು ನಕ್ಕರು. ಹೊಸ ಹಿಂದೂ ಕಾಯ್ದೆ ಬಂದ ಮೇಲೆ ಒಬ್ಬನೇ ಮಗನನ್ನು ಧಾರಾಳವಾಗಿ ಕೊಡಬಹುದು. ಆದರೆ ಇಬ್ಬರಿಗೂ ಮಗನಾಗಿರುವ ಸೌಕರ್ಯ ಇನ್ನೂ ಉಳಿದಿದೆಯೋ ಇಲ್ಲವೋ ಹೇಳಲು ಹೈಕೋರ್ಟಿನ ದೊಡ್ಡ ವಕೀಲರೊಬ್ಬರ ಅಭಿಪ್ರಾಯ ಬೇಕು. ಅಭಿಪ್ರಾಯ ತರಿಸಲಾಯಿತು. ಒಂದು ಕಡೆಯಿಂದ ನೋಡಿದರೆ ಉಳಿದಿತ್ತು, ಇನ್ನೊಂದು ಕಡೆಯಿಂದ ನೋಡಿದರೆ ಉಳಿದಿರಲಿಲ್ಲ.

ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಸಾಲಿಸಿಟರರು, ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಹೊರಡುತ್ತಿದ್ದ ದೊಡ್ಡಪ್ಪನನ್ನು ನಿಲ್ಲಿಸಿ, ಇನ್ನೊಂದು ಸಣ್ಣ ಔಪಚಾರಿಕತೆ ಇದೆ ಎಂದರು. ಹೊಸ ಕಾಯ್ದೆಯ ಪ್ರಕಾರ ಹೆತ್ತ ತಾಯಿಯ ಒಪ್ಪಿಗೆ ಬೇಕು. ತೆಗೆದುಕೊಳ್ಳುವವನ ಹೆಂಡತಿಯ ಒಪ್ಪಿಗೆಯೂ ಬೇಕು. ಇಬ್ಬರನ್ನೂ ಗಂಡಂದಿರು ಹತ್ತಿರ ಇಲ್ಲದಂತೆ, ಬೇರೆ ಬೇರೆಯಾಗಿ ಕೇಳುವುದು ಕ್ಷೇಮ.

ದೊಡ್ಡಪ್ಪ ನಕ್ಕದ್ದು ನನಗೆ ನೆನಪಿದೆ. ಹೆಂಗಸರನ್ನು ಕೇಳುವುದೆಂದರೆ ಅವರಿಗೆ ಸಾಂಬಾರನ್ನು ಕೇಳಿ ಬದನೆಕಾಯಿ ಹೆಚ್ಚಿದ ಹಾಗೆ. “ಅವ್ರ್ ಎಂತ ಹೇಳ್ತೊ? ಹೂಂ ಅಂತೊ” ಎಂದು ದಾರಿಯುದ್ದಕ್ಕೂ ಅಪ್ಪನಿಗೆ ಹೇಳುತ್ತ ಬಂದರು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಸಾಲಿಸಿಟರರು ಕೋಟಿನ ಸಮೇತ ನಮ್ಮ ಮಹಡಿಗೆ ಬಂದರು. ಅಪ್ಪ, ದೊಡ್ಡಪ್ಪ ಕೆಳಗೆ ಹೋಟೆಲಿನಲ್ಲಿ ಉಳಿದರು. ಅಕ್ಕಂದಿರನ್ನು ಪಕ್ಕದ ಮನೆಗೆ ಕಳಿಸಿದ್ದಾಗಿತ್ತು. ದೊಡ್ಡಮ್ಮ ಒಳಗೆ ಒರಳಿನಲ್ಲಿ ಉದ್ದು ರುಬ್ಬುತ್ತಿದ್ದಳು. ನಡುಮನೆಯ ಬೆತ್ತದ ಕುರ್ಚಿಯಲ್ಲಿ ಸಾಲಿಸಿಟರರು, ಬಾಗಿಲಿನ ಹತ್ತಿರ ಚಾಪೆಯ ಮೇಲೆ ಅಮ್ಮ.

ಅಮ್ಮನಿಗೆ ತಮಿಳು ಬರುತ್ತಿತ್ತು, ಆದರೆ ಅದು ತರಕಾರಿಯವಳಿಂದ ಕಲಿತ ತಮಿಳು. ಚೌಕಾಸಿಗೆ, ಜಗಳಕ್ಕೆ ಸಾಲುತ್ತಿತ್ತು, ಮರ್ಯಾದೆಗೆ ಸಾಲುತ್ತಿರಲಿಲ್ಲ. ಸಾಲಿಸಿಟರರು ವಿನಯದಿಂದ ಏನೋ ಕೇಳಿದ್ದಕ್ಕೆ ಅವಳು, “ಎನ್ನಯ್ಯಾ, ಎನ್ನಾ ವಿಷಯಂ, ಸೊಲ್ಲು” ಎಂದು ನುಗ್ಗೆಕಾಯಿಯವನನ್ನು ಕೇಳುವ ಧಾಟಿಯಲ್ಲಿ ಕೇಳಿದಳು. ಹೈಕೋರ್ಟಿನ ಜಡ್ಜುಗಳೂ ‘ಮಿಸ್ಟರ್’ ಎಂದು ಕರೆಯುತ್ತಿದ್ದ ಮನುಷ್ಯ ಟೈ ಸಡಿಲ ಮಾಡಿಕೊಂಡರು. ದುಭಾಷಿ ಒಬ್ಬ ಬೇಕು ಎಂದರು. ಗಂಡಂದಿರು ಬರುವ ಹಾಗಿಲ್ಲ. ತಮಿಳು ಶಾಲೆಗೆ ಹೋಗುತ್ತಿದ್ದವನು, ಎರಡೂ ಭಾಷೆ ಚೆನ್ನಾಗಿ ಬಲ್ಲವನು ಆಗ ಆ ಮನೆಯಲ್ಲಿ ನಾನೊಬ್ಬನೇ. ಹೀಗೆ ನನ್ನನ್ನು ಕೊಡುವ ಮಾತನ್ನು ನಾನೇ ತಮಿಳಿನಿಂದ ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಒಪ್ಪಿಗೆ ಬೇಕೇ ಎಂದು ನಾನು ಕೇಳಿದೆ. ಕಾಯ್ದೆಯಲ್ಲಿ ಅಂಥದ್ದೇನೂ ಇಲ್ಲ, ನೀನು ನಿಶ್ಚಿಂತೆಯಿಂದಿರು ಎಂದು ಸಾಲಿಸಿಟರರು ಬೆನ್ನು ತಟ್ಟಿದರು.

ನಾನು ಹೇಳಿದೆ: ಇವರು ಕೇಳ್ತಾರೆ ಅಮ್ಮ, ನನ್ನನ್ನು ದೊಡ್ಡಪ್ಪನಿಗೆ ಕೊಡಲು ನಿನಗೆ ಒಪ್ಪಿಗೆಯೇ ಎಂದು. ಅಮ್ಮ ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಒಳಗೆ ಒರಳು ಗುಡುಗುಡು ಸುತ್ತುತ್ತಿತ್ತು.

“ಮಾತೃಭೋಜನಕ್ಕೆ ಯಾರ್ ಕೂಕಂಬ್ದ್ ಅಂತ ಕೇಳ್” ಎಂದಳು.

ತಿಳಿಯದವರಿಗಾಗಿ ಹೇಳುತ್ತೇನೆ. ಉಪನಯನದ ದಿನ ಬೆಳಿಗ್ಗೆ, ಮಂತ್ರೋಪದೇಶದ ಮೊದಲು, ಹುಡುಗ ತಾಯಿಯ ಜೊತೆ ಕೂತು ಅವಳ ಎಲೆಯಿಂದ ಉಣ್ಣುತ್ತಾನೆ. ಅವಳು ತುತ್ತು ಕೊಡುತ್ತಾಳೆ. ಅದು ಕೊನೆಯ ಸಲ. ಆಮೇಲೆ ಅವನು ಬ್ರಹ್ಮಚಾರಿ. ತಾಯಿಯ ಎಲೆಗೆ ಕೈಹಾಕುವ ಹಾಗಿಲ್ಲ. ಗಂಡುಮಗು ಹುಟ್ಟಿದ ದಿನದಿಂದ ನಮ್ಮ ಹೆಂಗಸರು ಆ ಎಲೆಗಾಗಿ ಕಾದಿರುತ್ತಾರೆ, ಆ ಎಲೆ ಬಂದ ದಿನ ಅಳುತ್ತಾರೆ. ಮೂರು ಹೆಣ್ಣು ಹೆತ್ತು, ಬಂಧುಗಳಿಂದ ಮೂರು ಸಲ ಅನ್ನಿಸಿಕೊಂಡು, ಕೊನೆಗೆ ನನ್ನನ್ನು ಪಡೆದವಳು ನನ್ನ ಅಮ್ಮ.

ನಾನು ಪ್ರಶ್ನೆಯನ್ನು ತಮಿಳಿಗೆ ತಿರುಗಿಸಿದೆ. ಸಾಲಿಸಿಟರರೂ ಜನಿವಾರ ಹಾಕಿದವರೇ, ಅರ್ಥ ಹೇಳಬೇಕಾಗಿರಲಿಲ್ಲ. ಅವರು ‘ಪಾರುಂಗೋ’ ಎನ್ನಲಿಲ್ಲ. ತಮ್ಮ ಫೌಂಟನ್ ಪೆನ್ನಿನ ಮುಚ್ಚಳವನ್ನು ತಿರುಗಿಸಿದರು. ಆಮೇಲೆ ಮೆಲ್ಲಗೆ, ದತ್ತು ತಾಯಿಯೇ ಕೂರಬೇಕು ಎಂದರು.

“ಅದೊಂದ್ ದಿನ ನಾ ಕೂಕಂತೆ. ಆಮೇಲ್ ಅವ್ರ್ ಕಾಗ್ದದಲ್ಲಿ ಇದ್ದಂಗೆ ಆಯ್ಲಿ ಅಂತ ಹೇಳ್.”

ಸಾಲಿಸಿಟರರು ವಿವರಿಸಿದರು. ಹೆತ್ತವಳು ಕೂತರೆ ದತ್ತು ನಿಜವಾಗಿ ನಡೆದಿಲ್ಲ ಎಂದು ಎದುರು ವಕೀಲ ಹೇಳಬಹುದು. ಫೋಟೋ ಉಲ್ಟಾ ಸಾಕ್ಷಿಯಾಗಬಹುದು. ಇಲ್ಲದ ಎದುರು ವಕೀಲ, ಹೂಡದ ದಾವೆ, ತೆಗೆಯದ ಫೋಟೋ. ಇವುಗಳನ್ನೆಲ್ಲ ಕಾಪಾಡಲು ನನ್ನ ಅಮ್ಮ ಎಲೆಯ ಮುಂದಿನಿಂದ ಏಳಬೇಕಿತ್ತು. ನಾನು ಒಂದು ಮಾತೂ ಬಿಡದೆ ಕನ್ನಡಕ್ಕೆ ತಿರುಗಿಸಿದೆ. ನನಗೆ ಆ ಕರಿಕೋಟಿನ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಒಳಗೆ ಒರಳಿನ ಸದ್ದು ನಿಂತಿತ್ತು. ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ.

ಅಮ್ಮ ಕಣ್ಣೊರೆಸಿಕೊಳ್ಳಲಿಲ್ಲ, ಅತ್ತಿರಲಿಲ್ಲ ಕೂಡ. “ಮೂರ್ ಹೆಣ್ಮಕ್ಕಳ್ ಇದ್ದೊ. ಹೋಟ್ಲ್ ಇಲ್ದಿರೆ ಅವ್ರ್ ಮದಿ ಹ್ಯಾಂಗ್ ಮಾಡುದ್? ಬರ್ಕಂಬ್ಲಿ. ಒಪ್ಪಿಗೆ ಇತ್ತ್ ಅಂತ ಹೇಳ್” ಎಂದಳು. ಮದಿ ಎಂದರೆ ಮದುವೆ. ಅಷ್ಟು ಹೇಳಿ ಎದ್ದು, ಕಾಫಿಗೆ ನೀರಿಡಲು ಒಳಗೆ ಹೋದಳು. ನಾನು “ಒಪ್ಪಿಗೆ ಇದೆಯಂತೆ” ಎಂದು ತಮಿಳಿನಲ್ಲಿ ಹೇಳಿದೆ. ಸಾಲಿಸಿಟರರು ಬರೆದುಕೊಂಡರು. ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಎಂದು ಸೇರಿಸಿಕೊಂಡಿರಬೇಕು. ಆ ಮಾತುಗಳಿಲ್ಲದ ಪತ್ರವನ್ನು ಆ ಆಫೀಸಿನವರು ಟೈಪು ಮಾಡುತ್ತಿರಲಿಲ್ಲ.

ಆಮೇಲೆ ದೊಡ್ಡಮ್ಮನ ಸರದಿ. ಇದು ನಿಮಿಷದ ಕೆಲಸ ಎಂದು ಸಾಲಿಸಿಟರರು ಪೆನ್ನಿನ ಮುಚ್ಚಳವನ್ನೂ ಹಾಕಿರಲಿಲ್ಲ. ಮಕ್ಕಳಿಲ್ಲದವಳಿಗೆ ಮಗ ಸಿಗುತ್ತಿದ್ದಾನೆ, ಬೇಡ ಎನ್ನುತ್ತಾಳೆಯೇ? ಹರಕೆ ಹೊತ್ತು ಸುಬ್ರಹ್ಮಣ್ಯಕ್ಕೆ ಹೋಗಿ ಬಂದವಳು, ನಾಗಪ್ರತಿಷ್ಠೆ ಮಾಡಿಸಿದವಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಮೊಣಕೈ ಎತ್ತಿ ಹಿಡಿದು ಬಾಗಿಲಲ್ಲೇ ನಿಂತಳು, ಕೂರಲಿಲ್ಲ. ನಾನು ಪ್ರಶ್ನೆ ಹೇಳಿದೆ.

“ನಾ ಒಪ್ಪುದಿಲ್ಲೆ ಅಂತ ಹೇಳ್, ಮಾಣಿ” ಎಂದಳು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವಳೇ ಮುಂದುವರಿಸಿದಳು: “ಇಷ್ಟ್ ವರ್ಷ ಈ ಮನಿಯಂಗೆ ಯಾರೂ ನನ್ನ್ ಒಂದ್ ಮಾತ್ ಕೇಳಿರ್ಲಿಲ್ಲೆ. ಈಗ ಕೇಳಿರ್, ಹಂಗಾರೆ ಹೇಳ್ತೆ. ನಿಂಗೆ ಮೀಸುಕೆ ನಂಗೆ ಯಾರ್ ಕಾಗ್ದ ಬೇಕಿತ್ತ್? ಅವಳ್ ಎಲೆ ನಂಗ್ ಬ್ಯಾಡ.”

ಸಾಲಿಸಿಟರರು ಮೂರು ನಾಲ್ಕು ರೀತಿಯಲ್ಲಿ ಕೇಳಿದರು. ಆಸ್ತಿಯ ಪ್ರಶ್ನೆ ಎಂದರು, ನಿಮ್ಮ ಮುಪ್ಪಿಗೆ ಯಾರು ಎಂದರು, ಯಜಮಾನರಿಗೆ ಬೇಸರವಾಗುತ್ತದೆ ಎಂದರು. ಪ್ರತಿ ಸಲವೂ ನಾನು ತಿರುಗಿಸಿದೆ, ಪ್ರತಿ ಸಲವೂ ಅವಳು ಅದನ್ನೇ ಹೇಳಿದಳು: ಅವಳ ಎಲೆ ನನಗೆ ಬೇಡ. ಒಳಗೆ ಅಮ್ಮ ಕಾಫಿಗಿಟ್ಟ ನೀರು ಕುದಿದು ಕುದಿದು ಇಂಗಿಹೋಗುತ್ತಿತ್ತು. ಸಾಲಿಸಿಟರರು ಕೊನೆಗೆ ಕಾಗದ ಮಡಿಸಿದರು. ಹೆಂಡತಿ ಒಪ್ಪದೆ ಗಂಡ ದತ್ತು ತೆಗೆದುಕೊಳ್ಳುವಂತಿಲ್ಲ. ಅದನ್ನು ಬಗ್ಗಿಸಲು ಅವರಿಗೂ ದಾರಿ ಇರಲಿಲ್ಲ. ಹೊಸ ಕಾಯ್ದೆ ಮಾಡಿದ ಪುಣ್ಯಾತ್ಮರಿಗೆ ನಮ್ಮ ಮಹಡಿಯ ಒರಳು ಗೊತ್ತಿರಲು ಸಾಧ್ಯವಿಲ್ಲ. ಆದರೂ ಅವರ ಹೊಟ್ಟೆ ತಣ್ಣಗಿರಲಿ.

ದೊಡ್ಡಪ್ಪನ ಕೋಪ ನೋಡಬೇಕಿತ್ತು. ಹೆಂಡತಿಯ ಕೈಯ ಊಟ ಬೇಡವೆಂದು ಶಪಥ ಮಾಡಿ ಕೆಳಗೆ ಹೋಟೆಲಿನಲ್ಲೇ ಗಿರಾಕಿಗಳ ನಡುವೆ ಕೂತು ಉಣ್ಣತೊಡಗಿದರು. ಸಪ್ಲೈಯರು ಅಭ್ಯಾಸಬಲದಿಂದ ಅವರ ಮುಂದೆಯೂ ಬಿಲ್ ಇಟ್ಟನಂತೆ. ಬಂಧುಗಳು ಇನ್ನೂ ಚುರುಕು. ದೊಡ್ಡಮ್ಮ ತನ್ನ ಅಣ್ಣನ ಮಗನಿಗೆ ಗಲ್ಲಾ ಕಾದಿಟ್ಟಿದ್ದಾಳೆ, ಅದಕ್ಕೇ ಒಲ್ಲೆ ಎಂದಳು ಎಂದು ಎಗ್ಮೋರಿನಿಂದ ಪಲ್ಲಾವರಂವರೆಗೆ ಮಾತಾಯಿತು. ಅವಳು ಯಾರಿಗೂ ಸಮಜಾಯಿಷಿ ಹೇಳಲಿಲ್ಲ. ಆ ಸೋಡಾ ಅಂಗಡಿಯವನು ಹೆದರಿ ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ತವರಿನಿಂದ ಅವಳನ್ನು ನೋಡಲು ಬರುತ್ತಿದ್ದದ್ದು ಅವನೊಬ್ಬನೇ. ಅದನ್ನು ಯಾವ ಸಾಲಿಸಿಟರರೂ ಬರೆದುಕೊಳ್ಳಲಿಲ್ಲ.

ಅಮ್ಮ ಮತ್ತು ದೊಡ್ಡಮ್ಮ ಆ ವಿಷಯ ಆಡಿದ್ದನ್ನು ನಾನು ಕೇಳಲಿಲ್ಲ. ಮಾರನೆಯ ದಿನ ಅಮ್ಮ ಅಕ್ಕಿ ಆರಿಸುತ್ತ, “ಅಕ್ಕ, ನಿಂಗೆ ಹುಚ್ಚಾ?” ಎಂದಳು. ದೊಡ್ಡಮ್ಮ, “ಕಲ್ಲ್ ಕಾಣ್, ಅಲ್ಲಿತ್ತ್” ಎಂದು ಮೊರದ ಕಡೆ ಬೆರಳು ತೋರಿಸಿದಳು. ಅಷ್ಟೆ.

ಗಿಂಡಿಯ ಕಾರ್ಖಾನೆಯವರು ಕಾಯುವವರಲ್ಲ. ಬ್ಯಾಂಕಿನವರೂ ಪತ್ರ ಎಲ್ಲಿ ಎನ್ನುವುದನ್ನು ಬಿಟ್ಟಿರಲಿಲ್ಲ. ಅಪ್ಪ, ದೊಡ್ಡಪ್ಪ ಮತ್ತೆ ಆ ಮರದ ಮೆಟ್ಟಿಲು ಹತ್ತಿದರು. ಈ ಸಲ ಹಲ್ವ ಒಯ್ಯಲಿಲ್ಲ. ಹೊಟ್ಟೆ ಖಾಲಿಯಾಗಿದ್ದರಿಂದಲೋ ಏನೋ, ಸಾಲಿಸಿಟರರ ಬುದ್ಧಿ ಚುರುಕಾಗಿ ಓಡಿತು. ಅಣ್ಣ ತಮ್ಮ ಸಮಪಾಲುದಾರರೆಂದು ನೇರವಾಗಿ ಒಂದು ಪತ್ರ, ದೊಡ್ಡಪ್ಪನದೊಂದು ಉಯಿಲು: ಅವರ ನಂತರ ಅವರ ಪಾಲು ಹೆಂಡತಿಗೆ, ಅವಳ ನಂತರ ನನಗೆ. ಯಾರನ್ನೂ ಯಾರಿಗೂ ಕೊಡಬೇಕಾಗಿಲ್ಲ. ಅಪ್ಪ ಜೀವನದಲ್ಲಿ ಮೊದಲ ಬಾರಿ ಧೈರ್ಯ ಮಾಡಿ, ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದರಂತೆ. ಮೊದಲ ದಿನ ನೀವು ಇದನ್ನು ಕೇಳಲಿಲ್ಲವಲ್ಲ ಎಂದರಂತೆ ಸಾಲಿಸಿಟರರು. ಇಷ್ಟಾದರೂ ದೊಡ್ಡಪ್ಪನ ಭಕ್ತಿ ಕಡಿಮೆಯಾಗಲಿಲ್ಲ. ಎಂಥ ಗಂಟನ್ನು ಬಿಡಿಸಿದರು ನೋಡು ಎಂದು ಕಂಡಕಂಡವರಿಗೆ ಹೇಳಿದರು. ಗಂಟು ಹಾಕಿದವರು ಯಾರು ಎಂದು ಕೇಳುವಷ್ಟು ಅವಿವೇಕಿಗಳು ನಮ್ಮ ಗಿರಾಕಿಗಳಲ್ಲಿ ಯಾರೂ ಇರಲಿಲ್ಲ.

ವೈಶಾಖದಲ್ಲಿ ಉಪನಯನ ನಡೆಯಿತು. ಹೋಟೆಲಿನ ಹಿಂದಿನ ಅಂಗಳದಲ್ಲಿ ಚಪ್ಪರ. ಫೋಟೋಗ್ರಾಫರನಿಗೆ ಮುಂಗಡ ಕೊಟ್ಟಾಗಿದ್ದರಿಂದ ಅವನೂ ಕರಿಬಟ್ಟೆ ಹೊದಿಸಿದ ಪೆಟ್ಟಿಗೆಯೊಂದಿಗೆ ಬಂದ. ಸಾಲಿಸಿಟರರೂ ಬಂದರು. ಕೋಟಿಲ್ಲದೆ, ನವಿಲುಗಣ್ಣಿನ ಅಂಚಿನ ಧೋತರದಲ್ಲಿ ಅವರೂ ಮನುಷ್ಯರಂತೆ ಕಾಣಿಸುತ್ತಿದ್ದರು.

ತಲೆ ಬೋಳಿಸಿಕೊಂಡು ಮಿಂದು ನಾನು ಎಲೆಯ ಮುಂದೆ ಕೂತೆ. ಪುರೋಹಿತರು, “ತಾಯಿ ಬರ್ಲಿ” ಎಂದರು. ಅಮ್ಮ ಪಟ್ಟೆಸೀರೆಯಲ್ಲಿ ಬಂದು ನನ್ನ ಪಕ್ಕದಲ್ಲಿ ಕೂತಳು. ದೊಡ್ಡಮ್ಮ ತುಪ್ಪದ ಗಿಂಡಿ ಹಿಡಿದುಕೊಂಡು ಬಡಿಸುತ್ತ ಬಂದಳು. ನನ್ನ ಅನ್ನಕ್ಕೆ ತುಪ್ಪ ಹಾಕಿ ಮುಂದಕ್ಕೆ ಹೊರಟವಳ ಸೆರಗನ್ನು ಅಮ್ಮ ಹಿಡಿದುಕೊಂಡಳು.

“ಅಕ್ಕ, ಕೂಕೊ.”

“ಬಿಡ್ ಹೆಣೆ. ತುಪ್ಪ ಬಡ್ಸುಕಿತ್ತ್.”

“ಬಡ್ಸುಕೆ ಬೇರೆಯವ್ರ್ ಇದ್ದೊ. ನೀ ಕೂಕೊ.”

ಸಾಲಿನಲ್ಲಿ ಕೂತಿದ್ದ ಒಬ್ಬ ಅತ್ತೆ, ಹೆರದವಳು ಮಾತೃಭೋಜನಕ್ಕೆ ಕೂರುವ ಕ್ರಮ ಎಲ್ಲಿಯದು ಎಂದು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಳು. ಪುರೋಹಿತರು ಕೈಯಲ್ಲಿನ ದರ್ಭೆ ಹಿಡಿದುಕೊಂಡೇ ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪ ಅಭ್ಯಾಸದಂತೆ ಸಾಲಿಸಿಟರರನ್ನು ನೋಡಿದರು. ಎಲ್ಲರೂ ಆ ಕಡೆ ತಿರುಗಿದರು. ಅವರು ನನ್ನನ್ನು ನೋಡಿದರು, ಅಮ್ಮನ ಮುಷ್ಟಿಯಲ್ಲಿದ್ದ ಸೆರಗನ್ನು ನೋಡಿದರು.

“ಆಕ್ಷೇಪಣೆ ಇಲ್ಲ” ಎಂದರು, ತಮಿಳಿನಲ್ಲಿ. ಅವರು ಒಂದೇ ಕಡೆಯಿಂದ ನೋಡಿ ಕೊಟ್ಟ ಸಲಹೆ ಅದು, ಅದಕ್ಕೆ ಬಿಲ್ ಕೂಡ ಬರಲಿಲ್ಲ.

ದೊಡ್ಡಮ್ಮ ಗಿಂಡಿಯನ್ನು ನೆಲಕ್ಕಿಟ್ಟು ನನ್ನ ಇನ್ನೊಂದು ಪಕ್ಕ ಕೂತಳು. ಅಮ್ಮ ಎಲೆಯನ್ನು ನನ್ನ ಮುಂದಿನಿಂದ ಸ್ವಲ್ಪ ಅವಳ ಕಡೆಗೆ ಸರಿಸಿದಳು. ಫೋಟೋಗ್ರಾಫರ್ ಕರಿಬಟ್ಟೆಯಿಂದ ತಲೆ ಹೊರಗೆ ತೆಗೆದು, ಇವರಲ್ಲಿ ತಾಯಿ ಯಾರು, ಅವರು ಸ್ವಲ್ಪ ಮುಖ ಎತ್ತಲಿ ಎಂದು ತಮಿಳಿನಲ್ಲಿ ಕೂಗಿದ. ಇಬ್ಬರೂ ಎತ್ತಲಿಲ್ಲ. ಅಮ್ಮ ನನಗೆ ತುತ್ತು ಕೊಟ್ಟಳು. ಆಮೇಲೆ ದೊಡ್ಡಮ್ಮ ಕೊಟ್ಟಳು. ನಾನು ಅದೇ ಎಲೆಯಿಂದ ಒಂದು ತುತ್ತು ಕಲಸಿ ಅವಳ ಬಾಯಿಗೆ ಹಿಡಿದೆ. ಬಾಯಿಗೆ ತೆಗೆದುಕೊಂಡಳು. ಅಗಿಯಲು ಅವಳಿಂದ ಆಗಲಿಲ್ಲ, ತುತ್ತನ್ನು ಹಾಗೇ ಇಟ್ಟುಕೊಂಡು ಅಳುತ್ತ ಕೂತಿದ್ದಳು.